ಸರಕಾರದ ಹಂಗಿಲ್ಲದ ಬದುಕು: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಯ ಗೇಟಿನ ಮುಂದೆ, ಜಾತ್ರೆಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಜನ ನಮ್ಮನ್ನು ಕೇಳಿದ ಪ್ರಶ್ನೆಗಳಿವು. ಕೆಲವು ಕಾಗದದಲ್ಲಿ ಬಂದವು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ನಾವು ಅಂದರೆ ಬಾಗಲಕೋಟೆ, ಬೆಳಗಾವಿ, ವಿಜಯಪುರ ಜಿಲ್ಲೆಗಳ ಒಂದಷ್ಟು ರೈತರು, ನೇಕಾರರು, ಮಾಸ್ತರರು. ಸಂಘಕ್ಕೆ ಹೆಸರಿಲ್ಲ, ರಸೀದಿ ಪುಸ್ತಕವೂ ಇಲ್ಲ. ಮೊದಲು ಸರಳ ಪ್ರಶ್ನೆಗಳಿವೆ, ಕೆಳಗೆ ಹೋದಂತೆ ಬಿಗಿಯಾದವು.

## ಮೊದಲ ಮಾತು

ನೀವು ಸರಕಾರನ ಬ್ಯಾಡ ಅಂತೀರೇನ್ರಿ?

ಇಲ್ಲ. ಕಳವು ಮಾಡಿದವನನ್ನು ಹಿಡಿಯಲು ಪೊಲೀಸರು ಬೇಕು, ಬದುವಿನ ತಂಟೆ ಬಿದ್ದರೆ ತೀರ್ಪು ಕೊಡಲು ಕೋರ್ಟು ಬೇಕು, ಗಡಿ ಕಾಯಲು ಸೈನ್ಯ ಬೇಕು. ನಮ್ಮಲ್ಲೇ ಕೆಲವರು ಅದೂ ಬೇಡ ಅನ್ನುತ್ತಾರೆ, ಅವರ ಸಂಗಡ ನಮ್ಮ ವಾದ ಮುಗಿದೇ ಇಲ್ಲ. ಆದರೆ ಎಲ್ಲರೂ ಒಪ್ಪುವ ಮಾತು ಒಂದಿದೆ. ಇನ್ನೊಬ್ಬರ ಮೈಗೆ, ಸ್ವತ್ತಿಗೆ ಕೈ ಹಾಕದೆ ಒಬ್ಬ ಮನುಷ್ಯ ದುಡಿದು, ಮಾರಿ, ಕೊಂಡು, ಕಲಿತು, ಕಲಿಸಿ ಬದುಕುತ್ತಿದ್ದರೆ ಅವನನ್ನು ತಡೆಯುವ ಅಧಿಕಾರ ಯಾರಿಗೂ ಇರಬಾರದು. ಊರ ಗೌಡನಿಗೂ ಇರಬಾರದು, ತಹಶೀಲ್ದಾರರಿಗೂ ಇರಬಾರದು, ನೂರಕ್ಕೆ ತೊಂಬತ್ತು ಮತ ಬಿದ್ದ ಪಕ್ಷಕ್ಕೂ ಇರಬಾರದು. ಇಂಥ ವಿಚಾರದವರನ್ನು ಹೊರದೇಶಗಳಲ್ಲಿ ಲಿಬರ್ಟೇರಿಯನ್ನರು ಅನ್ನುತ್ತಾರೆ. ನಾವು ಸ್ವಾತಂತ್ರ್ಯವಾದಿಗಳು ಅಂತ ಹೇಳಿಕೊಳ್ಳುತ್ತೇವೆ.

ಇದು ಅಮೆರಿಕಾದವರ ಹುಚ್ಚಲ್ಲೇನು? ನಮ್ಮ ಮಣ್ಣಾಗ ಇದ ಹೆಂಗ ಬೆಳೀತೈತಿ?

ನಮ್ಮ ಮಣ್ಣಲ್ಲಿ ಇದು ಬೆಳೆದು ಬಹಳ ಕಾಲವಾಯಿತು. 1857ರಲ್ಲಿ ಬ್ರಿಟಿಷರು ಆಯುಧಗಳನ್ನು ಒಪ್ಪಿಸಿರಿ ಎಂದು ಕಾಯ್ದೆ ತಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಿಸಲಿಲ್ಲ. ಬೇಟೆಯೂ ಕಾವಲೂ ಅವರ ಬದುಕು. ಊರಿಗೆ ಬೆಂಕಿ ಬಿತ್ತು, ಸಿಕ್ಕವರನ್ನು ಗಲ್ಲಿಗೇರಿಸಿದರು. 1916ರ ಏಪ್ರಿಲ್‌ನಲ್ಲಿ ತಿಲಕರು ಹೋಮ್ ರೂಲ್ ಲೀಗ್ ಶುರು ಮಾಡಿದ್ದು ಬೆಳಗಾವಿಯಲ್ಲಿ.

ಸ್ವಾತಂತ್ರ್ಯ ಬಂದ ಮೇಲಿನ ದೊಡ್ಡ ಕಥೆ ನಿಪ್ಪಾಣಿಯದು. 1981ರಲ್ಲಿ ಬೀಡಿ ತಂಬಾಕು ಬೆಳೆಯುವ ರೈತರು ವ್ಯಾಪಾರಿಗಳ ತೂಕದ ಮೋಸಕ್ಕೂ ದರಕ್ಕೂ ಬೇಸತ್ತು ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಕುಳಿತರು. ನಾಯಕತ್ವ ವಹಿಸಿದ್ದು ಮಹಾರಾಷ್ಟ್ರದ ಶೇತಕರಿ ಸಂಘಟನೆಯ ಶರದ್ ಜೋಶಿ. ಹೆದ್ದಾರಿಯ ಮೇಲೆಯೇ ಒಂದು ಊರು ಎದ್ದು ನಿಂತಿತು. ಹೆಂಗಸರು, ಮಕ್ಕಳು, ಎತ್ತಿನ ಬಂಡಿ ಎಲ್ಲವೂ ಅಲ್ಲಿದ್ದವು. ಏಪ್ರಿಲ್ 6ರಂದು ಪೊಲೀಸರು ಗುಂಡು ಹಾರಿಸಿ ರೈತರು ಸತ್ತರು. ಅದೇ ಜೋಶಿಯವರು ಮುಂದೆ ಸಬ್ಸಿಡಿ ಬೇಡ, ಸಾಲ ಮನ್ನಾದ ಭಿಕ್ಷೆಯೂ ಬೇಡ, ನಮ್ಮ ಮಾಲು ನಾವು ಬೇಕಾದಲ್ಲಿ ಮಾರಲು ಬಿಡಿರಿ ಎಂಬ ವಾದವನ್ನು ದೇಶದ ಮುಂದಿಟ್ಟರು. ರೈತನನ್ನು ಬಡವನನ್ನಾಗಿ ಇಡುವುದು ಮಳೆಯಲ್ಲ, ಸರಕಾರದ ನೀತಿ ಅನ್ನುವುದು ಅವರ ಇಡೀ ಹೋರಾಟದ ತಿರುಳು. ಅವರು 2015ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ನಿಪ್ಪಾಣಿಯ ಆ ದಿನಗಳು ನಮ್ಮ ಜಿಲ್ಲೆಗಳ ಶಾಲಾ ಪಾಠದಲ್ಲಿ ಇರಬೇಕಿತ್ತು ಎಂದು ನಮಗೆ ಬಲವಾಗಿ ಅನ್ನಿಸುತ್ತದೆ.

ಸರಕಾರ ಮಾಡ್ಲಿಲ್ಲಂದ್ರ ಡ್ಯಾಮು, ಸಾಲಿ ಯಾರು ಕಟ್ಟಬೇಕ್ರಿ?

ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಗೆ ಹೋಗಿ ನೋಡಿರಿ. ಕೃಷ್ಣೆ ಮಳೆಗಾಲದಲ್ಲಿ ದಂಡೆ ಮೀರಿ ಹರಿದು ಬೇಸಿಗೆಯಲ್ಲಿ ಬರೀ ಉಸುಕಾಗುತ್ತಿದ್ದಳು. ಬ್ಯಾರೇಜ್ ಕಟ್ಟಿಕೊಡಿರಿ ಎಂದು ರೈತರು ಕೊಟ್ಟ ಅರ್ಜಿಗಳು ಕಚೇರಿಯಿಂದ ಕಚೇರಿಗೆ ಅಡ್ಡಾಡಿದವು. ಕೊನೆಗೆ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರದ ರೈತರು ಸಂಘ ಕಟ್ಟಿ ತಾವೇ ವಂತಿಗೆ ಹಾಕಿದರು. ರೊಕ್ಕ ಇದ್ದವರು ರೊಕ್ಕ ಕೊಟ್ಟರು, ಇಲ್ಲದವರು ಬುಟ್ಟಿ ಹೊತ್ತರು. 1989ರಲ್ಲಿ ನದಿಗೆ ಅಡ್ಡಲಾಗಿ ಬ್ಯಾರೇಜ್ ನಿಂತಿತು. ಹೆಸರು ಶ್ರಮಬಿಂದು ಸಾಗರ. ದೇಶದಲ್ಲಿ ರೈತರೇ ಕಟ್ಟಿದ ಮೊದಲ ಖಾಸಗಿ ಬ್ಯಾರೇಜ್ ಎಂದು ಅದು ಹೆಸರಾಯಿತು, ನ್ಯಾಮಗೌಡರು ಬ್ಯಾರೇಜ್ ಸಿದ್ದು ಆದರು. ಎರಡೇ ವರ್ಷಕ್ಕೆ, 1991ರಲ್ಲಿ, ಅವರು ಬಾಗಲಕೋಟೆ ಲೋಕಸಭಾ ಕ್ಷೇತ್ರದಲ್ಲಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು.

ಅವರು ರಾಜಕೀಯಕ್ಕೆ ಹೋದದ್ದನ್ನು ಕೆಲವರು ಎತ್ತಿ ಆಡುತ್ತಾರೆ. ನಮಗೆ ಮುಖ್ಯವಾದದ್ದು ಬ್ಯಾರೇಜ್. ಇಂಥ ಕೆಲಸಕ್ಕೆ ಬೇಕಾದ ಲೆಕ್ಕ, ನಂಬಿಕೆ, ಇಂಜಿನಿಯರಿಂಗ್ ಎಲ್ಲವೂ ಹಳ್ಳಿಯ ರೈತರ ಕೈಲಿ ಸಾಧ್ಯ ಎಂದು ಅದು ತೋರಿಸಿತು.

ಇನ್ನು ಸಾಲಿ. ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ 1906ರದು, ಹಳಕಟ್ಟಿಯವರು ವಿಜಯಪುರದಲ್ಲಿ ಹುಟ್ಟುಹಾಕಿದ ಬಿಎಲ್‌ಡಿಇ 1910ರದು, ಬೆಳಗಾವಿಯ ಕೆಎಲ್‌ಇ 1916ರದು. ಏಳು ಮಂದಿ ಮಾಸ್ತರರು ಸೇರಿ ಕೆಎಲ್‌ಇ ಶುರು ಮಾಡಿದರು. ಸಿರಸಂಗಿ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನೇ ಮಕ್ಕಳ ಓದಿಗೆ ಬರೆದುಕೊಟ್ಟರು. ಇವು ಮುಂದೆ ಸರಕಾರದ ಅನುದಾನ ಪಡೆದದ್ದು ನಿಜ, ಆದರೆ ಬುನಾದಿ ಹಾಕಿದ್ದು ದಾನಿಗಳ ರೊಕ್ಕ.

ಹಂಗಾದ್ರ ಬಡವರಿಗೆ ಯಾರು ಗತಿ?

ಕೂಡಲಸಂಗಮದ ಸೀಮೆಯಲ್ಲಿ ಕೂತು ಇದನ್ನು ಬರೆಯುವಾಗ ಉತ್ತರ ದೂರದಿಂದ ತರಬೇಕಾಗಿಲ್ಲ. ದುಡಿದು ತಿನ್ನು, ಉಳಿದದ್ದನ್ನು ಹಂಚು ಎನ್ನುವ ಕಾಯಕ–ದಾಸೋಹದ ಪದ್ಧತಿ ಇಲ್ಲಿ 12ನೇ ಶತಮಾನದಿಂದ ಇದೆ. ಅದರಲ್ಲಿ ಕೊಡುವವನಿಗೆ ಬಲವಂತವಿಲ್ಲ. ಇಂದಿಗೂ ನಮ್ಮ ಭಾಗದ ಮಠಗಳ ಪಂಕ್ತಿಯಲ್ಲಿ ಯಾರೂ ರೇಷನ್ ಕಾರ್ಡ್ ಕೇಳುವುದಿಲ್ಲ. ದಾಸೋಹದಿಂದ ಎಲ್ಲ ಬಡತನ ತೀರುತ್ತದೆ ಎಂದು ನಾವು ಹೇಳುವುದಿಲ್ಲ. ಬಡವನ ಕಾಲಿಗೆ ಕಟ್ಟಿದ ಹಗ್ಗವನ್ನು ಮೊದಲು ಬಿಚ್ಚಿರಿ ಅನ್ನುತ್ತೇವೆ. ಸಂತಿಯಲ್ಲಿ ಬುಟ್ಟಿ ಇಟ್ಟು ಕಾಯಿಪಲ್ಲೆ ಮಾರುವ ಹೆಣ್ಣುಮಗಳಿಗೆ ಕರ ವಸೂಲಿಯವನ, ಪುರಸಭೆಯವನ ಕಾಟ ತಪ್ಪಿಸಿದರೆ ಅವಳ ದಿನದ ಗಳಿಕೆ ಅವಳ ಸೆರಗಿನಲ್ಲೇ ಉಳಿಯುತ್ತದೆ.

ಗೃಹಲಕ್ಷ್ಮಿ ರೊಕ್ಕ ತಗೋತೀರಿ, ಸರಕಾರನೂ ಬೈತೀರಿ. ಇದ ಎಂಥಾ ನ್ಯಾಯ?

ತಗೋಳ್ಳಿರಿ. ಸಾಬೂನು, ಎಣ್ಣೆ, ಮೊಬೈಲ್ ರೀಚಾರ್ಜ್, ಬಸ್ಸಿನ ಡೀಸೆಲ್ ಎಲ್ಲದರ ಮೇಲೂ ಆ ರೊಕ್ಕ ಪಡೆಯುವ ತಾಯಿ ತೆರಿಗೆ ಕಟ್ಟಿದ್ದಾಳೆ. ಅದರಲ್ಲಿ ತಿಂಗಳಿಗೆ 2,000 ರೂಪಾಯಿ ಅವಳ ಖಾತೆಗೇ ತಿರುಗಿ ಬಂದರೆ ನಮಗೆ ಸಂತೋಷ. ಯಾವ ಅಕ್ಕಿ ತಿನ್ನಬೇಕು, ಯಾವ ಹೊಲಿಗೆ ಯಂತ್ರ ಕೊಳ್ಳಬೇಕು ಎಂದು ಅಧಿಕಾರಿ ತೀರ್ಮಾನಿಸುವ ಯೋಜನೆಗಿಂತ ಕೈಗೆ ರೊಕ್ಕ ಕೊಟ್ಟು ಸುಮ್ಮನಾಗುವ ಯೋಜನೆ ಎಷ್ಟೋ ಪಾಲು ಮೇಲು.

## ದಿನದ ಬದುಕು

ಆಧಾರ್ ಇಲ್ದ ಬದುಕಾಕ ಆಗ್ತೈತೇನ್ರಿ?

ಪೂರ್ತಿ ಆಗುವುದಿಲ್ಲ, ಕಡಿಮೆ ಮಾಡಿಕೊಳ್ಳಬಹುದು. ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಸರಕಾರದ ಸಬ್ಸಿಡಿಗೂ ಪ್ಯಾನ್ ಕಾರ್ಡಿಗೂ ಆಧಾರ್ ಕಡ್ಡಾಯ ಮಾಡಬಹುದು ಎಂದಿತು. ಬ್ಯಾಂಕ್ ಖಾತೆಗೆ, ಸಿಮ್ ಕಾರ್ಡಿಗೆ, ಸಾಲಿ ಪ್ರವೇಶಕ್ಕೆ ಕಡ್ಡಾಯ ಮಾಡಬಾರದು ಎಂದಿತು. ಹಾಗಾಗಿ ಸಿಮ್ ಕೊಳ್ಳುವಾಗ ವೋಟರ್ ಕಾರ್ಡೋ ಡ್ರೈವಿಂಗ್ ಲೈಸೆನ್ಸೋ ತೋರಿಸುವ ಹಕ್ಕು ನಿಮಗಿದೆ. ಅಂಗಡಿಯವನಿಗೆ ತಾಳ್ಮೆಯಿಂದ ಹೇಳಿರಿ.

ರೈತನ ಪಾಡು ಬೇರೆ. ಬೆಳೆ ಹಾನಿ ಪರಿಹಾರಕ್ಕೆ ಎಫ್‌ಐಡಿ, ಅಂದರೆ ರೈತನ ಗುರುತಿನ ಸಂಖ್ಯೆ ಬೇಕು, ಎಫ್‌ಐಡಿಗೆ ಆಧಾರ್ ಬೇಕು. ಉತಾರಕ್ಕೂ, ಅಂದರೆ ಪಹಣಿಗೂ, ಆಧಾರ್ ಜೋಡಿಸುವ ಕೆಲಸ ನಡೆದಿದೆ. ಜೋಡಿಸಬೇಡಿರಿ ಎಂದು ನಾವು ಯಾರಿಗೂ ಹೇಳುವುದಿಲ್ಲ, ಉತಾರದ ತಂಟೆ ಬಿದ್ದರೆ ಕೋರ್ಟಿಗೆ ಅಲೆಯುವವರು ನೀವು. ಬೇಡದ ಕಡೆ ಆಧಾರ್ ಝೆರಾಕ್ಸ್ ಬಿಟ್ಟು ಬರುವ ಚಾಳಿಯನ್ನಂತೂ ನಿಲ್ಲಿಸಿರಿ.

ಹೆಸ್ಕಾಂ ಲೈನ್ ಕಿತ್ತು ಹಾಕಿ ಸೋಲಾರ್ ಮ್ಯಾಲೆ ಇರಬಹುದೇನು? ಪರವಾನಗಿ ಬೇಕಾಗ್ತೈತಾ?

2003ರ ವಿದ್ಯುತ್ ಕಾಯ್ದೆ ವಿದ್ಯುತ್ ಉತ್ಪಾದನೆಗೆ ಲೈಸೆನ್ಸ್ ಬೇಕೆಂಬ ನಿಯಮವನ್ನೇ ತೆಗೆದುಹಾಕಿತು. ನಿಮ್ಮ ಮಾಳಿಗೆ ಮೇಲೆ, ನಿಮ್ಮ ಹೊಲದಲ್ಲಿ ಫಲಕ ಹಾಕಿ, ಬ್ಯಾಟರಿ ಇಟ್ಟು, ನಿಮ್ಮ ಮನೆಗೇ ಬಳಸಿದರೆ ಯಾರನ್ನೂ ಕೇಳಬೇಕಾಗಿಲ್ಲ. ಲೈನಿಗೆ ಜೋಡಿಸಿ ಹೆಚ್ಚಾದದ್ದನ್ನು ಮಾರುತ್ತೇನೆ ಅಂದರೆ ಹೆಸ್ಕಾಂ ಅನುಮತಿ ಬೇಕು. ಪಕ್ಕದ ಮನೆಗೆ ವೈರು ಎಳೆದು ಮಾರಿದರೆ ಅದು ವಿತರಣೆಯಾಗುತ್ತದೆ, ಅದಕ್ಕೆ ಲೈಸೆನ್ಸ್ ಬೇಕು.

10 ಎಚ್‌ಪಿವರೆಗಿನ ಪಂಪಿಗೆ ಕರೆಂಟು ಪುಕ್ಕಟೆ. ಆದರೆ ಅದು ಯಾವಾಗ ಬರಬೇಕು ಎಂಬುದು ನಿಮ್ಮ ಕೈಲಿಲ್ಲ. ನಡುರಾತ್ರಿ ಟಾರ್ಚ್ ಹಿಡಿದು ಹಾವು ಚೇಳಿನ ನಡುವೆ ನೀರು ತಿರುವುವ ರೈತನಿಗೆ ಪುಕ್ಕಟೆ ಕರೆಂಟಿನ ಬೆಲೆ ಎಷ್ಟೆಂದು ಗೊತ್ತು. ಹಗಲು ನೀರೆತ್ತುವ ಸೋಲಾರ್ ಪಂಪ್ ಈ ಕಾರಣಕ್ಕೇ ನಮಗೆ ಹಿಡಿಸಿದೆ.

ಜನರೇ ನಡೆಸುವ ಕರೆಂಟ್ ಸಂಸ್ಥೆ ನೋಡಬೇಕೆಂದರೆ ಹುಕ್ಕೇರಿಗೆ ಬನ್ನಿರಿ. ಅಲ್ಲಿನ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ 1969ರಿಂದ ಇದೆ. ಗ್ರಾಹಕರೇ ಸದಸ್ಯರು, ಅವರೇ ಆಡಳಿತ ಮಂಡಳಿಯನ್ನು ಆರಿಸುತ್ತಾರೆ. ಅದರ ಚುನಾವಣೆಗೆ ದೊಡ್ಡ ರಾಜಕೀಯ ಮನೆತನಗಳು ಇಳಿದಿರುವುದು ನಮಗೆ ಬೇಸರದ ಸಂಗತಿ. ಆದರೂ ತಾಲ್ಲೂಕಿನ ಜನ ಇಷ್ಟು ವರ್ಷ ತಮ್ಮ ಕಂಬ, ತಮ್ಮ ವೈರು ತಾವೇ ನೋಡಿಕೊಂಡಿದ್ದಾರೆ.

ಭಿಶಿ, ಸೌಹಾರ್ದ ಇವೆಲ್ಲ ಸರಕಾರದ ಹೊರಗಿನ ಬ್ಯಾಂಕ್ ಅಲ್ಲೇನು?

ಹೊರಗೆ ಎನ್ನುವುದಕ್ಕಿಂತ ಅಂಚಿನಲ್ಲಿ ಅನ್ನಿರಿ. ಗೆಳತಿಯರು, ಅಂಗಡಿಕಾರರು ತಿಂಗಳಿಗಿಷ್ಟು ಕೂಡಿಸಿ ಸರದಿಯಂತೆ ಎತ್ತಿಕೊಳ್ಳುವ ಭಿಶಿ ನಡೆಯುವುದೇ ಪರಸ್ಪರ ನಂಬಿಕೆಯ ಮೇಲೆ. ಹತ್ತಿಪ್ಪತ್ತು ಜನರ ಪರಿಚಯದೊಳಗೆ ಇರುವತನಕ ಅದು ಚೆಂದ. ಅಪರಿಚಿತರನ್ನು ಸೇರಿಸಿ, ಕಮಿಷನ್ ಇಟ್ಟು ದೊಡ್ಡದು ಮಾಡಿದರೆ 1982ರ ಚಿಟ್ ಫಂಡ್ ಕಾಯ್ದೆ ಅಡ್ಡ ಬರುತ್ತದೆ, ಮೋಸಕ್ಕೂ ಅಲ್ಲೇ ದಾರಿ.

ಸೌಹಾರ್ದ ಸಹಕಾರಿ ಬೇರೆ. ಹಳೆಯ ಸಹಕಾರ ಕಾಯ್ದೆಯಲ್ಲಿ ಸರಕಾರದ ಷೇರು, ಸರಕಾರದ ನಾಮಿನಿ, ರಿಜಿಸ್ಟ್ರಾರರ ಹಿಡಿತ ಇತ್ತು. ಸಹಕಾರಿಗಳನ್ನು ಅದರಿಂದ ಬಿಡಿಸಲೆಂದೇ ಕರ್ನಾಟಕ ಸೌಹಾರ್ದ ಸಹಕಾರಿ ಕಾಯ್ದೆ 1997ರಲ್ಲಿ ಆಗಿ 2001ರ ಜನವರಿ 1ರಿಂದ ಜಾರಿಗೆ ಬಂತು. ಸದಸ್ಯರ ರೊಕ್ಕ, ಸದಸ್ಯರದೇ ನಿಯಮ. ನಮ್ಮ ಜಿಲ್ಲೆಗಳ ಪೇಟೆಗಳಲ್ಲಿ ಓಣಿಗೊಂದು ಸೌಹಾರ್ದದ ಬೋರ್ಡು ಕಾಣುವುದು ಆ ಕಾಯ್ದೆಯ ಫಲ. ಒಂದು ಎಚ್ಚರಿಕೆಯನ್ನು ದಯವಿಟ್ಟು ಮನಸ್ಸಿನಲ್ಲಿಡಿರಿ: ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ವಿಮೆಯಿದೆ, ಪತ್ತಿನ ಸೌಹಾರ್ದದ ಠೇವಣಿಗೆ ಆ ವಿಮೆ ಇಲ್ಲ. ಬಡ್ಡಿ ಒಂದೂವರೆ ಪಟ್ಟು ಕೊಡುತ್ತೇವೆ ಅಂದವರ ವಾರ್ಷಿಕ ಸಭೆಗೆ ಹೋಗಿ ಲೆಕ್ಕಪತ್ರ ಕೇಳಿರಿ. ಕೇಳಿದ್ದಕ್ಕೆ ಸಿಟ್ಟಾದರೆ ಠೇವಣಿ ತೆಗೆಯಿರಿ.

ಬಿಟ್‌ಕಾಯಿನ್ ಇಟ್ಕೊಂಡ್ರ ಸರಕಾರಕ್ಕ ಗೊತ್ತಾಗೂದಿಲ್ಲಂತ ಹುಡುಗೂರು ಹೇಳ್ತಾರ?

ಆ ಹುಡುಗರ ಮಾತು ನಂಬಬೇಡಿರಿ. ಬ್ಯಾಂಕುಗಳು ಕ್ರಿಪ್ಟೊ ವ್ಯವಹಾರಕ್ಕೆ ನೆರವಾಗಬಾರದು ಎಂದು ರಿಸರ್ವ್ ಬ್ಯಾಂಕ್ ಹಾಕಿದ್ದ ತಡೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ತೆಗೆದುಹಾಕಿತು. ಹಾಗಾಗಿ ಇಟ್ಟುಕೊಳ್ಳುವುದು ಅಪರಾಧವಲ್ಲ. ಆದರೆ 2022ರಿಂದ ಲಾಭದ ಮೇಲೆ 30% ತೆರಿಗೆ, ಮಾರಾಟದ ಮೇಲೆ 1% ಟಿಡಿಎಸ್, ಅಂದರೆ ಮೊದಲೇ ಹಿಡಿದುಕೊಳ್ಳುವ ತೆರಿಗೆ ಇದೆ. ಪ್ಯಾನ್ ಕೊಟ್ಟು ಕೊಂಡದ್ದು ಪೂರಾ ಕಾಣಿಸುತ್ತದೆ. ಬೆಳೆ ಸಾಲದ ರೊಕ್ಕವನ್ನು ಅದರಲ್ಲಿ ಹಾಕಿದವರನ್ನು ನೋಡಿದ್ದೇವೆ, ಅದನ್ನು ಸ್ವಾತಂತ್ರ್ಯ ಅಂತ ಕರೆಯಲಾರೆವು.

ಮಗಳ್ನ ಸಾಲಿಗೆ ಕಳಸ್ದ ಮನ್ಯಾಗ ಕಲಿಸಿದ್ರ ನಡೀತೈತಾ?

ನಡೆಯುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಸಾಲಿ ಒದಗಿಸುವ ಹೊಣೆಯನ್ನು ಸರಕಾರದ ಮೇಲೆ ಹೊರಿಸಿದೆ. ಮನೆಯಲ್ಲಿ ಕಲಿಸುವ ತಂದೆತಾಯಿಗೆ ಅದರಲ್ಲಿ ಶಿಕ್ಷೆ ಇಲ್ಲ. ಮುಂದೆ ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್ ಮೂಲಕ ಹತ್ತನೇ ತರಗತಿ ಪರೀಕ್ಷೆಗೆ ಕೂರಬಹುದು. ಅದಕ್ಕೆ 14 ವರ್ಷ ತುಂಬಿರಬೇಕು.

ಆದರೆ ನಿಮ್ಮ ಮನೆಯಲ್ಲಿ ಕಲಿಸುವವರು ಯಾರು? ಮಗಳನ್ನು ಮನೆಯಲ್ಲಿಟ್ಟು ತಮ್ಮನನ್ನು ಆಡಿಸಲು ಹಚ್ಚುವುದಾದರೆ, ಮದುವೆಗೆ ಕಾಯುವುದಾದರೆ ನಮ್ಮ ಹೆಸರು ಹೇಳಬೇಡಿರಿ. ಆ ಹುಡುಗಿಯ ಸ್ವಾತಂತ್ರ್ಯ ಅಪ್ಪನ ಸ್ವಾತಂತ್ರ್ಯಕ್ಕಿಂತ ಮೊದಲು.

ತೆರಿಗಿ ಕಟ್ಟೂದು ಬಿಟ್ರ?

ಬಿಡಬೇಡಿರಿ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಹೇಗೂ ಇಲ್ಲ. ಉಳಿದದ್ದನ್ನು ಕಟ್ಟಿ, ಎಲ್ಲಿ ಹೋಯಿತು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿರಿ. ನಿಮ್ಮ ಪಂಚಾಯಿತಿಯ ಒಂದು ಚರಂಡಿಯ ಬಿಲ್ಲು ತರಿಸಿ ಓದಿದರೆ ಊರು ಎಷ್ಟು ಎಚ್ಚರಾಗುತ್ತದೆಂದು ನೀವೇ ನೋಡುತ್ತೀರಿ.

ಉತಾರ, ಜಾತಿ ಪ್ರಮಾಣಪತ್ರ, ಖಾತಾ ಬದಲಾವಣಿ ಎಲ್ಲಾದಕ್ಕೂ ಲಂಚ ಕೇಳ್ತಾರ. ಏನ್ ಮಾಡೂಣು?

ಅರ್ಜಿ ಕೊಟ್ಟ ದಿನವೇ ಸಕಾಲದ ಸ್ವೀಕೃತಿ ಸಂಖ್ಯೆ ಬರೆಸಿಕೊಳ್ಳಿರಿ. 2011ರ ಸಕಾಲ ಕಾಯ್ದೆಯಂತೆ ಪ್ರತಿ ಸೇವೆಗೂ ಇಷ್ಟು ದಿನ ಎಂದು ಗಡುವಿದೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ, ಅದು ತಡಮಾಡಿದ ನೌಕರನ ಸಂಬಳದಿಂದ ಹೋಗಬೇಕು. ಮೊತ್ತ ಸಣ್ಣದು, ಆದರೆ ಮೇಲ್ಮನವಿ ಹಾಕಿದರೆ ಆ ನೌಕರ ಮೇಲಿನವರ ಮುಂದೆ ಉತ್ತರ ಕೊಡಬೇಕಾಗುತ್ತದೆ. ಅವನು ಅಂಜುವುದು ಅದಕ್ಕೆ.

## ಹೊಲ, ಕಬ್ಬು, ದರ

ಕಬ್ಬಿನ ದರ ಸರಕಾರ ಕಟ್ಟಬಾರದು ಅಂತೀರಿ. ಕಾರ್ಖಾನೆಯವರು ನಮ್ಮನ್ನ ನುಂಗಿ ನೀರು ಕುಡೀತಾರಲ್ರಿ?

ಎಲ್ಲಕ್ಕಿಂತ ಹೆಚ್ಚು ಸಲ ಕೇಳಿದ ಪ್ರಶ್ನೆ ಇದು. ಕೇಳುವವರ ಸಂಕಟ ನಮ್ಮದೂ ಹೌದು, ನಮ್ಮಲ್ಲಿ ಅರ್ಧ ಜನ ಕಬ್ಬಿನವರೇ.

ಇಂದಿನ ಏರ್ಪಾಡು ಹೀಗಿದೆ. 1966ರ ಕಬ್ಬು ನಿಯಂತ್ರಣ ಆದೇಶದಡಿ ಕೇಂದ್ರ ಸರಕಾರ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ದರ, ಕಟ್ಟುತ್ತದೆ. 2025–26ಕ್ಕೆ 10.25% ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಕಬ್ಬು ಕೊಟ್ಟ 14 ದಿನದಲ್ಲಿ ರೊಕ್ಕ ಕೊಡಬೇಕು, ತಡವಾದರೆ ವರ್ಷಕ್ಕೆ 15% ಬಡ್ಡಿ ಕೊಡಬೇಕು. ಇದು ಕಾಗದದ ಮಾತು. ಆ ಬಡ್ಡಿಯನ್ನು ಕೈಯಲ್ಲಿ ಎಣಿಸಿದ ರೈತ ನಿಮ್ಮ ಊರಲ್ಲಿ ಎಷ್ಟು ಮಂದಿ ಇದ್ದಾರೆ ಎಂದು ಕೇಳಿ ನೋಡಿರಿ.

ಅದೇ ಸರಕಾರ ಎರಡು ಕಾರ್ಖಾನೆಗಳ ನಡುವೆ ಕನಿಷ್ಠ 15 ಕಿಲೋಮೀಟರ್ ಅಂತರ ಇರಲೇಬೇಕು ಎಂದಿದೆ. ಅಂದರೆ ನಿಮ್ಮ ಕಬ್ಬಿಗೆ ಹೆಚ್ಚು ದರ ಕೊಡಲು ಇನ್ನೊಬ್ಬ ಪಕ್ಕದಲ್ಲೇ ಬಂದು ನಿಲ್ಲದ ಹಾಗೆ ಕಾನೂನೇ ಕಾವಲು ಕಾಯುತ್ತಿದೆ. ಮೇಲಾಗಿ ಕಾರ್ಖಾನೆ ತಿಂಗಳಿಗೆ ಎಷ್ಟು ಸಕ್ಕರೆ ಮಾರಬೇಕು, ಹೊರದೇಶಕ್ಕೆ ಕಳಿಸಬಹುದೇ ಬೇಡವೇ, ಎಥೆನಾಲ್‌ಗೆ ಏನು ದರ ಎಂಬುದೂ ದಿಲ್ಲಿಯಲ್ಲೇ ತೀರ್ಮಾನ. ಪೇಟೆಯಲ್ಲಿ ಸಕ್ಕರೆ ದರ ಏರಿದರೆ ರಫ್ತು ನಿಲ್ಲುತ್ತದೆ. ಏರಿದ ದರದ ಲಾಭ ರೈತನಿಗೆ ಮುಟ್ಟುವ ಮೊದಲೇ ಬಾಗಿಲು ಬಂದ್ ಆಗುತ್ತದೆ.

2012ರಲ್ಲಿ ಸಿ. ರಂಗರಾಜನ್ ಸಮಿತಿ ಇದನ್ನೆಲ್ಲ ಸಡಿಲಿಸಿರಿ ಎಂದು ವರದಿ ಕೊಟ್ಟಿತು. ಅಂತರದ ನಿಯಮ ತೆಗೆಯಿರಿ, ಇಂಥ ಊರಿನ ಕಬ್ಬು ಇಂಥ ಕಾರ್ಖಾನೆಗೇ ಎಂಬ ಕ್ಷೇತ್ರ ಮೀಸಲು ತೆಗೆಯಿರಿ, ಸಕ್ಕರೆ ಮತ್ತು ಉಪ ಉತ್ಪನ್ನಗಳ ಆದಾಯದಲ್ಲಿ 70% ರೈತನಿಗೆ ಕೊಡಿರಿ ಎಂಬುದು ಅದರ ಸಲಹೆ. 2013ರಲ್ಲಿ ಲೆವಿ ಸಕ್ಕರೆ, ಅಂದರೆ ಕಾರ್ಖಾನೆಗಳು ರೇಷನ್‌ಗೆ ಕಡಿಮೆ ದರದಲ್ಲಿ ಕೊಡಬೇಕಿದ್ದ ಸಕ್ಕರೆಯ ಪಾಲು, ರದ್ದಾಯಿತು. ಅಂತರದ ನಿಯಮ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಅಂದರೆ ನಮ್ಮ ಭಾಗದಲ್ಲಿ ಕಾರ್ಖಾನೆ ನಡೆಸುವವರೂ ಶಾಸನ ಮಾಡುವವರೂ ಎಷ್ಟೋ ಕಡೆ ಒಂದೇ ಮನೆಯವರು.

2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಸಾವಿರಾರು ರೈತರು ಕಟಾವು, ಸಾಗಾಣಿಕೆ ಖರ್ಚು ಬಿಟ್ಟು ಟನ್ನಿಗೆ 3,500 ಕೇಳಿ ಕುಳಿತರು, ಕೊನೆಗೆ ಸರಕಾರ 3,300 ಎಂದಿತು. ಆ ಹೋರಾಟದ ಕೆಚ್ಚಿಗೆ ನಮ್ಮ ಶರಣು. ಆದರೆ ಪ್ರತಿ ವರ್ಷ ಹೀಗೆ ದರಕ್ಕಾಗಿ ರಸ್ತೆಯಲ್ಲಿ ಕೂರುವ ಬದಲು, ಅದೇ ಜನಬಲ ಒಮ್ಮೆ ಅಂತರದ ನಿಯಮವನ್ನು ಕೆಡವಲು ಕುಳಿತರೆ ಮುಂದಿನ ವರ್ಷ ಕಾರ್ಖಾನೆಯವರೇ ಹೊಲದ ಬದುವಿಗೆ ಬಂದು ದರ ಹೇಳುತ್ತಾರೆ. ಪೈಪೋಟಿ ಇಲ್ಲದ ಪೇಟೆಯಲ್ಲಿ ಬರೀ ಎಫ್‌ಆರ್‌ಪಿ ತೆಗೆಯಿರಿ ಎಂದು ನಾವು ಯಾವತ್ತೂ ಹೇಳಿಲ್ಲ. ಮೊದಲು ಹೋಗಬೇಕಾದದ್ದು ಕಾರ್ಖಾನೆಯವರ ರಕ್ಷಣೆ.

ತೂಕದ ಮಾತು: ನಿಮ್ಮದೇ ಸಂಘದಿಂದ ಒಂದು ತೂಕದ ಕಾಟಾ ಹಾಕಿಸಿರಿ. ಕಾರ್ಖಾನೆಯ ಚೀಟಿಗೂ ನಿಮ್ಮ ಚೀಟಿಗೂ ತಾಳೆ ನೋಡಿರಿ.

ಬೆಲ್ಲ ಮಾಡಿದ್ರ ಈ ತ್ರಾಸ ತಪ್ಪತೈತೇನು?

ಬಹಳಷ್ಟು ತಪ್ಪುತ್ತದೆ. ಎಫ್‌ಆರ್‌ಪಿ ಕಟ್ಟುಪಾಡು ಬೆಲ್ಲದ ಗಾಣಕ್ಕಿಲ್ಲ, ಮಹಾಲಿಂಗಪುರದಂಥ ಹಳೆಯ ಬೆಲ್ಲದ ಪೇಟೆ ಹತ್ತಿರವೇ ಇದೆ. ಆಹಾರ ಸುರಕ್ಷತೆ ನೋಂದಣಿ ಮಾಡಿಸಬೇಕು. ತ್ರಾಸು ಇರುವುದು ಕೂಲಿಯಾಳಿನದು, ಉರುವಲಿನದು, ಮತ್ತೆ ಬಣ್ಣ ಬರಲೆಂದು ರಾಸಾಯನಿಕ ಸುರಿಯುವ ಆಸೆಯದು. ಹದವಾಗಿ ಕಾಯಿಸಿದ ಕಂದು ಬೆಲ್ಲಕ್ಕೆ ಈಗ ನೇರ ಗಿರಾಕಿಗಳಿದ್ದಾರೆ.

ನನ್ನ ಹೊಲ ನಾ ಲಾವಣಿಗೆ ಕೊಡಾಕ ಕಾನೂನು ಯಾಕ ಅಡ್ಡ ಬರ್ತೈತಿ?

ಕರ್ನಾಟಕ ಭೂ ಸುಧಾರಣಾ ಕಾಯ್ದೆ ಲಾವಣಿಯನ್ನು, ಅಂದರೆ ಗೇಣಿಯನ್ನು ನಿಷೇಧಿಸಿದೆ. ಸೈನಿಕರಿಗೆ, ನಾವಿಕರಿಗೆ ವಿನಾಯಿತಿ ಇದೆ. ಆದರೆ ನಮ್ಮ ಯಾವ ಹಳ್ಳಿಯಲ್ಲಿ ಲಾವಣಿ ಇಲ್ಲ, ಪಾಲು ಇಲ್ಲ? ಎಲ್ಲವೂ ಬಾಯಿಮಾತಿನಲ್ಲಿ. ಕಾಗದ ಮಾಡಿದರೆ ಹೊಲ ಹೋದೀತು ಎಂಬ ಅಂಜಿಕೆ ಮಾಲೀಕನಿಗೆ. ಹಾಗಾಗಿ ವರ್ಷಕ್ಕೊಬ್ಬರನ್ನು ಬದಲಿಸುತ್ತಾನೆ. ಉಳುವವನಿಗೆ ಬೆಳೆ ಸಾಲವಿಲ್ಲ, ಹೊಳೆ ಬಂದು ಬೆಳೆ ಹೋದರೆ ಪರಿಹಾರ ಉತಾರದಲ್ಲಿ ಹೆಸರಿದ್ದವನ ಖಾತೆಗೆ ಬೀಳುತ್ತದೆ. ಮುಂದಿನ ವರ್ಷ ಆ ಹೊಲ ಸಿಗುತ್ತದೋ ಇಲ್ಲವೋ ಎಂದು ಮಣ್ಣಿಗೆ ಗೊಬ್ಬರವನ್ನೂ ಹಾಕುವುದಿಲ್ಲ. ಬಡವನನ್ನು ಕಾಯಲು ಮಾಡಿದ ನಿಷೇಧ ಬಡವನನ್ನೇ ಕಾಗದದಿಂದ ಹೊರಗಿಟ್ಟಿದೆ. ಇಬ್ಬರೂ ಒಪ್ಪಿ ಬರೆದ ಕರಾರಿಗೆ ಕಾನೂನಿನ ಬೆಲೆ ಸಿಗಬೇಕು, ಉಳುವವನು ಹೆಸರು ತೋರಿಸಿ ಸಾಲ, ವಿಮೆ ಪಡೆಯುವಂತಾಗಬೇಕು.

ಉಳುವವನೇ ಹೊಲದೊಡೆಯ ಅಂತ ಅರಸು ಅವರು ಮಾಡಿದ್ದು ತಪ್ಪಂತೀರೇನು?

ಇಲ್ಲ. 1974ರ ತಿದ್ದುಪಡಿಯ ನಂತರ ಭೂ ನ್ಯಾಯಮಂಡಳಿಗಳ ಮೂಲಕ ಎಷ್ಟೋ ಗೇಣಿದಾರರ ಹೆಸರು ಉತಾರಕ್ಕೆ ಬಂತು. ತಲೆತಲಾಂತರದಿಂದ ಬೆವರು ಸುರಿಸಿದವನಿಗೆ ಆ ಮಣ್ಣಿನ ಮೇಲೆ ಹಕ್ಕಿದೆ ಎಂದು ಒಪ್ಪುವವನೇ ಸ್ವತ್ತಿನ ಹಕ್ಕನ್ನು ನಿಜವಾಗಿ ನಂಬುವವನು. ರಾಜನೋ ಇನಾಮದಾರನೋ ಕಾಗದದಲ್ಲಿ ಬರೆಸಿಕೊಂಡ ಹಕ್ಕು ಆ ಬೆವರಿಗಿಂತ ದೊಡ್ಡದಲ್ಲ. ನಮ್ಮ ತಕರಾರು ಆಮೇಲಿನದು. ಒಡೆಯನಾದ ಮೇಲೆ ಅವನು ಆ ಹೊಲವನ್ನು ಲಾವಣಿಗೆ ಕೊಡಬಾರದು, ರೈತನಲ್ಲದವನಿಗೆ ಮಾರಬಾರದು ಎಂದು ಕಟ್ಟಿಹಾಕಿದರು. ಮಾರಾಟದ ಕಟ್ಟನ್ನು 2020ರಲ್ಲಿ 79ಎ, 79ಬಿ ಕಲಮುಗಳನ್ನು ತೆಗೆದು ಸಡಿಲಿಸಿದರು. ಕೊಳ್ಳುವವರು ಹೆಚ್ಚಾದರೆ ಮಾರುವ ಬಡ ರೈತನಿಗೆ ದರ ಹೆಚ್ಚು ಸಿಗುತ್ತದೆ ಎಂಬುದು ನಮ್ಮ ನಿಲುವು. ರೈತ ಸಂಘಗಳ ಬಹಳ ಗೆಳೆಯರು ಇದನ್ನು ಒಪ್ಪುವುದಿಲ್ಲ.

ದಲಿತರಿಗೆ ಮಂಜೂರಾದ ಭೂಮಿಯ ಮಾರಾಟ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಬೇರೆ ವಿಷಯ. ಬೆದರಿಸಿ, ಕುಡಿಸಿ ಬರೆಸಿಕೊಂಡ ಖರೀದಿ ಪತ್ರವನ್ನು ಕರಾರು ಎನ್ನಲಾಗದು. ಅದು ಬೇಕೋ ಬೇಡವೋ ಎಂದು ಹೇಳಬೇಕಾದವರು ಆ ಭೂಮಿಯವರೇ.

ಆಲಮಟ್ಟಿ ನೀರಾಗ ಹೊಲ ಹೋತು. ಬ್ಯಾಡ ಅನ್ನೂ ಹಕ್ಕ ನಮಗ ಇರ್ಲಿಲ್ಲೇನು?

ಇರಲಿಲ್ಲ, ಈಗಲೂ ಇಲ್ಲ. ಆಸ್ತಿ ಹಕ್ಕು ಮೊದಲು ಮೂಲಭೂತ ಹಕ್ಕಾಗಿತ್ತು. 1978ರ 44ನೇ ತಿದ್ದುಪಡಿ ಅದನ್ನು ತೆಗೆದು 300ಎ ವಿಧಿಯಲ್ಲಿ ಬರೀ ಕಾನೂನಿನ ಹಕ್ಕಾಗಿ ಇಟ್ಟಿತು. 2013ರ ಭೂಸ್ವಾಧೀನ ಕಾಯ್ದೆ ಖಾಸಗಿ ಕಂಪನಿಗೆ ಭೂಮಿ ಬೇಕಾದರೆ 80% ಭೂಮಾಲೀಕರ ಒಪ್ಪಿಗೆ ಬೇಕು, ಖಾಸಗಿ–ಸರಕಾರಿ ಜಂಟಿ ಯೋಜನೆಗೆ 70% ಬೇಕು ಎನ್ನುತ್ತದೆ. ಸರಕಾರದ ಸ್ವಂತ ಯೋಜನೆಗೆ ಒಪ್ಪಿಗೆ ಕೇಳುವುದೇ ಇಲ್ಲ. ಹಳೆಯ ಬಾಗಲಕೋಟೆಯ ಓಣಿಗಳು ಮುಳುಗಿದ್ದು ಹೀಗೆ. ಅಣೆಕಟ್ಟಿನ ಮಟ್ಟವನ್ನು 519.6 ಮೀಟರ್‌ನಿಂದ 524.256ಕ್ಕೆ ಏರಿಸಲು ಮುಳುಗುವ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ಎಂದು ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ತೀರ್ಮಾನಿಸಿತು. ಹಳೆಯ ದರಕ್ಕಿಂತ ಇದು ಎಷ್ಟೋ ಮೇಲು. ರೊಕ್ಕ ಪೂರಾ ಕೈಗೆ ಬಂದು, ಬದಲಿ ಹೊಲ ಕೊಂಡು, ಮನೆ ಕಟ್ಟಿದ ಮೇಲೆಯೇ ನೀರು ನಿಲ್ಲಿಸಬೇಕು ಎಂಬುದು ನಮ್ಮ ಕನಿಷ್ಠ ಬೇಡಿಕೆ.

## ಹೋರಾಟದ ಬಿಗಿ ಪ್ರಶ್ನೆಗಳು

ಸರಕಾರ ಹಿಂದ ಸರದ್ರ ಗೌಡಕಿ ಮುಂದ ಬರ್ತೈತಿ. ನಮ್ಮ ಕೇರಿಯವರಿಗೆ ಅದರಿಂದ ಏನ್ ಬಂತು?

ಅಥಣಿ ಕಡೆಯ ಒಬ್ಬ ತಾಯಿ ಕೇಳಿದ ಪ್ರಶ್ನೆ ಇದು. ಸ್ವಾತಂತ್ರ್ಯದ ಮಾತಾಡುವ ಎಲ್ಲರೂ ಇದಕ್ಕೆ ಮೊದಲು ಉತ್ತರ ಕೊಡಬೇಕು. ಬಾವಿಗೆ ಬರಬೇಡ, ಕ್ಷೌರ ಮಾಡುವುದಿಲ್ಲ, ಕೆಲಸ ಕೊಡುವುದಿಲ್ಲ ಎಂಬ ಊರ ಕಟ್ಟು ಯಾವ ಸರಕಾರಿ ಆದೇಶಕ್ಕೂ ಕಡಿಮೆಯಾದ ದಬ್ಬಾಳಿಕೆಯಲ್ಲ. ಅದರ ಎದುರು ಪೊಲೀಸು, ಕೋರ್ಟು ಗಟ್ಟಿಯಾಗಿ ನಿಲ್ಲಬೇಕು. ಸರಕಾರ ಇರುವುದೇ ಈ ಕೆಲಸಕ್ಕೆ.

ಆದರೆ ಬರೀ ಕಾನೂನಿನಿಂದ ಆಗುವುದಿಲ್ಲ ಎಂಬುದಕ್ಕೂ ಇಲ್ಲೇ ಸಾಕ್ಷಿ ಇದೆ. ದೇವದಾಸಿ ಬಿಡುವುದನ್ನು ನಿಷೇಧಿಸಿದ ಕಾಯ್ದೆ 1982ರದು. ಆದರೂ ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟುವುದು ಗುಟ್ಟಾಗಿ ನಡೆದೇ ಇತ್ತು. 1997ರಲ್ಲಿ ಆ ಪದ್ಧತಿಯಿಂದ ಹೊರಬಂದ ಹೆಂಗಸರೇ ಘಟಪ್ರಭಾದಲ್ಲಿ ಮಾಸ್ ಎಂಬ ಸಂಸ್ಥೆ ಕಟ್ಟಿದರು. ಅವರೇ ಮನೆಮನೆಗೆ ಹೋದರು, ಗುಡ್ಡದಲ್ಲಿ ಕಾವಲು ನಿಂತರು, ಉಳಿತಾಯ ಸಂಘ ಮಾಡಿದರು. ಹಿಂಸೆಯನ್ನು ಸ್ವತಃ ಉಂಡವರು ಸಂಘಟಿತರಾಗುವ ಸ್ವಾತಂತ್ರ್ಯ, ಆ ಸಂಘಟನೆಗೆ ಕಾನೂನಿನ ರಕ್ಷಣೆ, ಎರಡೂ ಕೂಡಬೇಕು.

ಶರದ್ ಜೋಶಿಯವರ ಲಕ್ಷ್ಮೀ ಮುಕ್ತಿ ಆಂದೋಲನವನ್ನೂ ಇಲ್ಲಿ ನೆನೆಯಬೇಕು. ಗಂಡಂದಿರು ತಮ್ಮ ಮನಸ್ಸಿನಿಂದ ಹೊಲದ ಒಂದು ಪಾಲನ್ನು ಹೆಂಡತಿಯ ಹೆಸರಿಗೆ ಮಾಡಿಕೊಟ್ಟರು. ನಮ್ಮ ಸಂಗಡ ಬರುವ ಗಂಡಸರಿಗೆ ನಾವು ಮೊದಲು ಕೇಳುವುದೂ ಇದನ್ನೇ.

ಕೆಟ್ಟ ಕಾನೂನು ಮುರೀಬಹುದಾ? ಬೀಜ ಸತ್ಯಾಗ್ರಹ ಮಾಡಿದ್ರಲ್ಲ ಮಹಾರಾಷ್ಟ್ರದೋರು?

2019ರ ಜೂನ್‌ನಲ್ಲಿ ಅಕೋಲಾ ಜಿಲ್ಲೆಯಲ್ಲಿ ಶೇತಕರಿ ಸಂಘಟನೆಯವರು ಅನುಮತಿ ಇಲ್ಲದ ಎಚ್‌ಟಿಬಿಟಿ ಎಂಬ, ಕಳೆನಾಶಕ ತಾಳುವ ಕುಲಾಂತರಿ ಹತ್ತಿ ಬೀಜವನ್ನು ಎಲ್ಲರ ಎದುರು, ದಿನ ಸಾರಿ, ಬಿತ್ತಿದರು. ಬೇಕಾದರೆ ಹಿಡಿಯಿರಿ ಎಂದರು. ಗುಟ್ಟಾಗಿ ಬಿತ್ತುವುದಕ್ಕೂ ಇದಕ್ಕೂ ಬಹಳ ಅಂತರ. ಕಾನೂನು ತಪ್ಪು ಎಂದು ತೋರಿಸಬೇಕಾದರೆ ಮುಚ್ಚಿಡದೆ, ಯಾರಿಗೂ ಪೆಟ್ಟಾಗದಂತೆ, ಶಿಕ್ಷೆಗೆ ಬೆನ್ನು ಕೊಟ್ಟು ಮುರಿಯಬೇಕು. 1924ರಲ್ಲಿ ಬೆಳಗಾವಿ ಅಧಿವೇಶನದ ಅಧ್ಯಕ್ಷತೆ ವಹಿಸಿದ ಗಾಂಧೀಜಿಯವರ ಪದ್ಧತಿಯೂ ಇದೇ ಆಗಿತ್ತು. ಕೇಸು ಬಿದ್ದರೆ ವರ್ಷಗಟ್ಟಲೆ ಅಲೆಯಬೇಕು. ಮನೆಯವರನ್ನು ಕೇಳಿ, ವಕೀಲರನ್ನು ಕಂಡು ಆಮೇಲೆ ಹೆಜ್ಜೆ ಇಡಿರಿ.

ಬೀಜದ ಮಾತು ನಮಗೆ ದೂರದ್ದಲ್ಲ. ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ಕೀಟ ತಾಳುವ ಕುಲಾಂತರಿ ಬಿಟಿ ಬದನೆ ಮಾಡಿದಾಗ ಬಳಸಿದ ತಳಿಗಳಲ್ಲಿ ನಮ್ಮ ಕುಡಚಿ, ರಬಕವಿ ಬದನೆಗಳೂ ಇದ್ದವು. 2010ರ ಫೆಬ್ರವರಿ 9ರಂದು ಕೇಂದ್ರ ಸಚಿವರು ಅದಕ್ಕೆ ತಡೆ ಹಾಕಿದರು. ಬಾಂಗ್ಲಾದೇಶ 2013ರಲ್ಲಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟಿತು. ಕಾಯಿಕೊರಕಕ್ಕೆ ಔಷಧ ಹೊಡೆದು ಹೊಡೆದು ಬೇಸತ್ತ ನಮ್ಮ ರೈತ ಬೇಕು ಅನ್ನಲಿ, ಬೇಡ ಅನ್ನಲಿ, ಆಯ್ಕೆ ಅವನದಾಗಬೇಕಿತ್ತು.

ಕೃಷ್ಣಾ ನಡುಗಡ್ಡಿಯೊಳಗ ನಮ್ಮದ ಒಂದು ಸ್ವತಂತ್ರ ಊರು ಮಾಡಿದ್ರ?

ಕಾಲೇಜು ಹುಡುಗರ ಮೆಚ್ಚಿನ ಪ್ರಶ್ನೆ. ಭೂ ಕಂದಾಯ ಕಾಯ್ದೆಯ 67ನೇ ಕಲಮಿನಂತೆ ನದಿ, ನದಿಪಾತ್ರ ಸರಕಾರದ್ದು. ಅಲ್ಲಿ ಗುಡಿಸಲು ಹಾಕಿದರೆ ಅತಿಕ್ರಮಣ, ಬಾವುಟ ಹಾರಿಸಿದರೆ ಅದಕ್ಕಿಂತ ದೊಡ್ಡ ಕೇಸು.

ಹೊರದೇಶಗಳಲ್ಲಿ ಪ್ರಯತ್ನಪಟ್ಟವರಿದ್ದಾರೆ. 2015ರ ಏಪ್ರಿಲ್ 13ರಂದು ಡ್ಯಾನ್ಯೂಬ್ ನದಿಯ ದಂಡೆಯಲ್ಲಿ, ಕ್ರೊಯೇಷಿಯಾ–ಸರ್ಬಿಯಾ ನಡುವಿನ ಸುಮಾರು 7 ಚದರ ಕಿಲೋಮೀಟರ್ ಜಾಗದಲ್ಲಿ ಲಿಬರ್‌ಲ್ಯಾಂಡ್ ಎಂಬ ದೇಶ ಘೋಷಿಸಿದರು. ಕ್ರೊಯೇಷಿಯಾ ಪೊಲೀಸರು ಒಳಗೆ ಹೋದವರನ್ನು ಹಿಡಿದರು. 2019ರಲ್ಲಿ ಥಾಯ್ಲೆಂಡಿನ ಫುಕೆಟ್ ಆಚೆ ಸಮುದ್ರದಲ್ಲಿ ತೇಲುವ ಮನೆ ಕಟ್ಟಿದ ದಂಪತಿ ಓಡಿಹೋಗಬೇಕಾಯಿತು, ಮನೆಯನ್ನು ನೌಕಾಪಡೆ ಎಳೆದುಕೊಂಡು ಹೋಯಿತು. ಹೊಂಡುರಾಸಿನ ರೊವಾಟಾನ್ ದ್ವೀಪದಲ್ಲಿ ಸರಕಾರದ ಒಪ್ಪಿಗೆಯಿಂದಲೇ ಪ್ರೋಸ್ಪೆರಾ ಎಂಬ ಸ್ವಾಯತ್ತ ನಗರ ಎದ್ದಿತು. ಸರಕಾರ ಬದಲಾದ ಮೇಲೆ 2022ರಲ್ಲಿ ಆ ಕಾನೂನು ರದ್ದಾಯಿತು, 2024ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಏರ್ಪಾಡೇ ಸಂವಿಧಾನಬಾಹಿರ ಎಂದಿತು.

ಗಟ್ಟಿಯಾಗಿ ಬೇರೂರಿದ್ದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ಗೆ ವಲಸೆ ಹೋದ ಫ್ರೀ ಸ್ಟೇಟ್ ಯೋಜನೆಯವರು. ಅವರು ಹೊಸ ದೇಶ ಕಟ್ಟಲಿಲ್ಲ. ಸಣ್ಣ ರಾಜ್ಯವೊಂದನ್ನು ಆರಿಸಿ, ಅಲ್ಲಿ ಮನೆ ಮಾಡಿ, ಊರ ಸಭೆಗೆ ಹೋಗಿ, ಚುನಾವಣೆಗೆ ನಿಂತು ಶಾಸಕರಾದರು. ನಮ್ಮ ಹುಡುಗರಿಗೆ ನಾವು ಹೇಳುವುದು ಇದನ್ನೇ: ಗ್ರಾಮಸಭೆಗೆ ಬನ್ನಿರಿ, ಅಲ್ಲಿ ಕುರ್ಚಿಗಳು ಖಾಲಿ ಇರುತ್ತವೆ.

ಹಂಗಾದ್ರ ನೀವ ಒಂದು ಪಕ್ಷ ಯಾಕ ಕಟ್ಟಬಾರದು?

1959ರಲ್ಲಿ ರಾಜಾಜಿ, ಎನ್.ಜಿ. ರಂಗಾ, ಮಿನೂ ಮಸಾನಿ ಕಟ್ಟಿದ ಸ್ವತಂತ್ರ ಪಕ್ಷ 1967ರಲ್ಲಿ 44 ಲೋಕಸಭಾ ಸ್ಥಾನ ಗೆದ್ದು ದೊಡ್ಡ ವಿರೋಧ ಪಕ್ಷವಾಗಿತ್ತು. ಇಂದು ಅಂಥ ಪಕ್ಷವನ್ನು ಪ್ರಾಮಾಣಿಕವಾಗಿ ನೋಂದಾಯಿಸಲು ಆಗುವುದಿಲ್ಲ. ಪ್ರಜಾಪ್ರತಿನಿಧಿ ಕಾಯ್ದೆಗೆ 1989ರಿಂದ ಬಂದ 29ಎ ಕಲಮಿನಂತೆ ಪಕ್ಷದ ನಿಯಮಾವಳಿಯಲ್ಲಿ ಸಮಾಜವಾದಕ್ಕೆ ನಿಷ್ಠೆ ಬರೆಯಲೇಬೇಕು. ಸಮಾಜವಾದವನ್ನು ಒಪ್ಪದವರು ಸುಳ್ಳು ಬರೆದುಕೊಟ್ಟು ರಾಜಕೀಯ ಶುರು ಮಾಡಬೇಕು ಎಂದರೆ ಅದು ಯಾವ ನ್ಯಾಯ? ಎಡಪಕ್ಷದವರಿಗೆ ಬಂಡವಾಳಶಾಹಿಗೆ ನಿಷ್ಠೆ ಬರೆಯಿರಿ ಎಂದು ಹೇಳಿದರೆ ಅವರ ಪರವಾಗಿ ನಾವೂ ಬೀದಿಗೆ ಇಳಿಯುತ್ತೇವೆ. ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಬೇಕಾಗಿಲ್ಲ, ಅಲ್ಲಿ ಯಾರೂ ಈ ಸುಳ್ಳು ಬರೆಯದೆ ನಿಲ್ಲಬಹುದು.

ಒಂಬತ್ತನೇ ಶೆಡ್ಯೂಲ್ ಅಂತ ಯಾವಾಗ್ಲೂ ಅಂತೀರಲ್ಲ, ಅದೇನ್ರಿ?

1951ರ ಮೊದಲ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ 31ಬಿ ವಿಧಿಯನ್ನೂ ಒಂಬತ್ತನೇ ಪರಿಶಿಷ್ಟವನ್ನೂ ಸೇರಿಸಿದರು. ಅದರಲ್ಲಿ ಹೆಸರು ಬಿದ್ದ ಕಾನೂನು ಮೂಲಭೂತ ಹಕ್ಕನ್ನು ಮೀರುತ್ತದೆ ಎಂದು ನೀವು ಕೋರ್ಟಿಗೆ ಹೋಗುವಂತಿರಲಿಲ್ಲ. ನಮ್ಮ ರಾಜ್ಯದ ಭೂ ಸುಧಾರಣಾ ಕಾಯ್ದೆಯೂ ಅದರಲ್ಲಿದೆ. 2007ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ 1973ರ ಏಪ್ರಿಲ್ 24ರ ನಂತರ ಸೇರಿಸಿದ ಕಾನೂನುಗಳನ್ನು ಪರಿಶೀಲಿಸಬಹುದು ಎಂದಿತು. ಅದಕ್ಕೂ ಹಿಂದಿನವು ಹಾಗೇ ಉಳಿದಿವೆ. ಜಮೀನ್ದಾರಿ ಮುರಿಯಲು ತಂದ ಏರ್ಪಾಡು ಸಣ್ಣ ರೈತನಿಗೂ ಕೋರ್ಟಿನ ಬಾಗಿಲು ಮುಚ್ಚಿತು. ಈ ಪರಿಶಿಷ್ಟ ಹೋಗಬೇಕು, ಜೊತೆಗೆ 1955ರ ಅಗತ್ಯ ವಸ್ತುಗಳ ಕಾಯ್ದೆಯೂ ಹೋಗಬೇಕು ಎಂಬುದು ಶೇತಕರಿ ಸಂಘಟನೆಯ ಕಾಲದಿಂದ ಬಂದ ಬೇಡಿಕೆ. ನಿಮ್ಮ ಸಂಸದರು ಊರಿಗೆ ಬಂದಾಗ ಹಾರ ಹಾಕುವ ಮೊದಲು ಇವೆರಡರ ಬಗ್ಗೆ ಅವರ ನಿಲುವೇನೆಂದು ಕೇಳಿ, ಉತ್ತರವನ್ನು ಬರೆದುಕೊಂಡು ನಮಗೊಂದು ಪ್ರತಿ ಕಳಿಸಿರಿ.